ಎದುರುಗಾಳಿಯ ಊರಿನಿಂದ ಗೆಳೆಯನಿಗೊಂದು ಪತ್ರ

ಐಂಡ್‌ಹೋವನ್, ನೆದರ್ಲೆಂಡ್ಸ್
ಭಾನುವಾರ ಸಂಜೆ

ಪ್ರಿಯ ಗೆಳೆಯಾ,

“ಹಪ್ಪಳದ ಹಾಗೆ ಚಪ್ಪಟೆಯಾಗಿರುವ ದೇಶದಲ್ಲಿ ಸೈಕಲ್ ತುಳಿಯುವುದೂ ಒಂದು ಸಾಹಸವೇನೋ ಮಾರಾಯ?” ಎಂದು ಹೋದ ವಾರ ಫೋನಿನಲ್ಲಿ ನಕ್ಕೆಯಲ್ಲ, ಆಗ ಉತ್ತರ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಿನ್ನ ಟ್ಯೂಷನ್ ಮಕ್ಕಳು ಬಂದರು, ನೀನು ಫೋನ್ ಇಟ್ಟೆ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾದೀತು. ಹೊರಗೆ ಮಳೆ ಹಿಡಿದಿದೆ, ನನಗೂ ಬೇರೆ ಕೆಲಸವಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2016ರಲ್ಲಿ ಇಲ್ಲಿಗೆ ಬಂದಾಗ ನನಗೂ ನಿನ್ನದೇ ಸೊಕ್ಕು ಇತ್ತು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತಿದವರು ನಾವು, ಅದೂ ಗೇರಿಲ್ಲದ ಬಾಡಿಗೆ ಸೈಕಲ್ಲಿನಲ್ಲಿ. (ಎಂಟನೆಯ ತಿರುವಿನಿಂದ ಮುಂದೆ ತಳ್ಳಿಕೊಂಡು ಹೋದದ್ದು ನಮ್ಮಿಬ್ಬರಲ್ಲೇ ಇರಲಿ.) ಇಲ್ಲಿ ನೋಡಿದರೆ ಯುರೋಪಿನ ನೆದರ್ಲೆಂಡ್ಸಿನ ಅತಿ ಎತ್ತರದ ಜಾಗ, ಬೆಲ್ಜಿಯಂ ಮತ್ತು ಜರ್ಮನಿಯ ಗಡಿಗಳು ಸೇರುವ ವಾಲ್ಸರ್‌ಬರ್ಗ್, ಬರೀ 322 ಮೀಟರ್. ಹೆಚ್ಚುಕಡಿಮೆ ಆಗುಂಬೆಯ ಅರ್ಧ. ಅದೂ ನನ್ನ ಮನೆಯಿಂದ ನೂರು ಕಿಲೋಮೀಟರಿನಷ್ಟು ದೂರ. ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ 350 ಯೂರೋ ಕೊಟ್ಟು ಒಂದು ರೇಸ್ ಸೈಕಲ್ ಕೊಂಡೆ. ಹೆಬ್ಬೆರಳಿನಷ್ಟು ಅಗಲದ ಟಯರು, ಎರಡೇ ಬೆರಳಲ್ಲಿ ಎತ್ತಬಹುದಾದ ಚೌಕಟ್ಟು. ಇನ್ನೇನು ಈ ದೇಶವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇನೆ ಅಂದುಕೊಂಡೆ.

ನನ್ನ ಸೊಕ್ಕು ಇಳಿಸಿದ್ದು ಒಬ್ಬ ಅಜ್ಜಿ. ಊರಿನ ಉತ್ತರಕ್ಕೆ ವಿಲ್ಹೆಲ್ಮಿನಾ ಕಾಲುವೆ ಇದೆ, ಅದರ ದಂಡೆಯುದ್ದಕ್ಕೂ ಸೈಕಲ್ ಹಾದಿ. ಅಕ್ಟೋಬರಿನ ಒಂದು ದಿನ ಪಶ್ಚಿಮಕ್ಕೆ ಮುಖ ಮಾಡಿ ಹೊರಟಿದ್ದೆ. ಎದುರಿನಿಂದ ಗಾಳಿ. ಬೆನ್ನು ಬಗ್ಗಿಸಿ, ಹ್ಯಾಂಡಲಿನ ಕೆಳಬಾಗಿನಲ್ಲಿ ಕೈಯಿಟ್ಟು, ಮೂಗಿನಿಂದ ನೀರು ಸುರಿಸಿಕೊಂಡು ತುಳಿಯುತ್ತಿದ್ದೇನೆ, ಮೀಟರು ಮಾತ್ರ 21ರಿಂದ ಮೇಲೇಳುತ್ತಿಲ್ಲ. ಹಿಂದಿನಿಂದ “ಕಿಣಿಂಗ್” ಎಂದು ಬೆಲ್ಲು. ಎಪ್ಪತ್ತು ದಾಟಿದ ಹೆಂಗಸು. ದೇವರ ಪಟದ ಹಾಗೆ ನೆಟ್ಟಗೆ ಕುಳಿತಿದ್ದಾರೆ, ಪಕ್ಕದ ಚೀಲದಿಂದ ಎರಡು ಉದ್ದನೆಯ ಈರುಳ್ಳಿ ದಂಟು ತಲೆ ಹೊರಗೆ ಹಾಕಿವೆ. “ಹೊಯ್!” ಎಂದು ನಕ್ಕು ನನ್ನನ್ನು ದಾಟಿ ಹೋದರು. ಬ್ಯಾಟರಿ ಸೈಕಲ್. ಇಲ್ಲಿಯ ಕಾನೂನಿನಂತೆ ಅದರ ಮೋಟಾರು 25 ಕಿಲೋಮೀಟರಿನ ವೇಗದವರೆಗೆ ಸಹಾಯ ಮಾಡುತ್ತದೆ, ಗಾಳಿ ಎಷ್ಟೇ ಇರಲಿ. ನಾನು ಏನು ಮಾಡಿದೆ ಗೊತ್ತೇ? ಮಾನ ಬಿಟ್ಟು ಆಕೆಯ ಹಿಂದಿನ ಚಕ್ರಕ್ಕೆ ಅಂಟಿಕೊಂಡೆ. ಆ ಈರುಳ್ಳಿ ದಂಟಿನ ಮರೆಯಲ್ಲಿ ಮೂರು ಕಿಲೋಮೀಟರು ಹೋದೆ. ಅಷ್ಟು ಸುಖವಾದ ಮೂರು ಕಿಲೋಮೀಟರು ಆ ತಿಂಗಳಿಡೀ ಸಿಕ್ಕಿರಲಿಲ್ಲ.

ನೀನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಮೇಷ್ಟ್ರು, ನಿನಗೆ ನಾನು ಹೇಳಬೇಕೇ? ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಘನದಷ್ಟು. ಅದು ಗಾಳಿ ನಿಂತಿರುವಾಗಿನ ಲೆಕ್ಕ. ಇಲ್ಲಿ ಗಾಳಿ ನಿಲ್ಲುವುದೇ ಅಪರೂಪ. ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ತಡೆಯಲು ಗುಡ್ಡವಿಲ್ಲ, ಕಾಡೂ ಅಷ್ಟಕ್ಕಷ್ಟೇ. ಹವಾಮಾನ ವರದಿಯಲ್ಲಿ ಜನ ಮೊದಲು ನೋಡುವುದು ಮಳೆ, ಸೈಕಲ್ಲಿನವರು ಮೊದಲು ನೋಡುವುದು ಗಾಳಿಯ ಬಲ. ಬ್ಯೂಫೋರ್ಟ್ ಅಳತೆಯಲ್ಲಿ 5 ಎಂದರೆ ಗಂಟೆಗೆ 29ರಿಂದ 38 ಕಿಲೋಮೀಟರು. 5 ಎಂದು ಬರೆದಿದ್ದರೆ ನಾವು ಮುಖ ಸಿಂಡರಿಸಿಕೊಂಡಾದರೂ ಹೊರಡುತ್ತೇವೆ.

ಘಾಟಿಯಲ್ಲಿ ಒಂದು ನ್ಯಾಯವಿದೆ ನೋಡು. ತಿರುವು ಎಣಿಸಬಹುದು. ಮೇಲೆ ಹೋದರೆ ಚಹಾದ ಅಂಗಡಿ ಇದೆ. ಹತ್ತಿದ್ದಷ್ಟನ್ನೂ ಇಳಿಜಾರು ಬಡ್ಡಿ ಸಮೇತ ವಾಪಸು ಕೊಡುತ್ತದೆ. ಗಾಳಿಗೆ ತಿರುವೂ ಇಲ್ಲ, ತುದಿಯೂ ಇಲ್ಲ. ಕಣ್ಣಿಗೆ ಕಾಣುವ ಚರ್ಚಿನ ಗೋಪುರ ಅರ್ಧ ಗಂಟೆಯಾದರೂ ಅಲ್ಲೇ ಇರುತ್ತದೆ. ಅದಕ್ಕೇ ಇಲ್ಲಿಯ ಅನುಭವಸ್ಥರು ಹೋಗುವಾಗ ಗಾಳಿಗೆ ಎದುರಾಗಿ ಹೋಗುತ್ತಾರೆ, ಬರುವಾಗ ಬೆನ್ನಿಗೆ ಹಾಕಿಕೊಳ್ಳುತ್ತಾರೆ. ನಾನು ಮೊದಲ ವರ್ಷ ಇದಕ್ಕೆ ಸರಿಯಾಗಿ ತಿರುಗಿಸಿ ಮಾಡುತ್ತಿದ್ದೆ. ಹೋಗುವಾಗ ಹಾರಿಕೊಂಡು ಹೋಗಿ, “ನನ್ನ ಕಾಲಿಗೆ ಎಂಥ ಬಲ ಬಂದಿದೆ” ಎಂದು ಬೀಗಿ, ಬರುವಾಗ ಹೆಂಡತಿಗೆ ಫೋನ್ ಮಾಡಿ ಅನ್ನಕ್ಕೆ ತಡವಾಗಿ ಇಡು ಎನ್ನುತ್ತಿದ್ದೆ.

ಈ ಜನರೂ ಕಡಿಮೆಯವರಲ್ಲ. ಎದುರುಗಾಳಿಯಲ್ಲಿ ಸೈಕಲ್ ತುಳಿಯುವುದಕ್ಕೇ ಒಂದು ರಾಷ್ಟ್ರೀಯ ಸ್ಪರ್ಧೆ ಇಟ್ಟುಕೊಂಡಿದ್ದಾರೆ, 2013ರಿಂದ. ಜೀಲೆಂಡ್ ಪ್ರಾಂತ್ಯದಲ್ಲಿ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ಊಸ್ಟರ್‌ಸ್ಕೆಲ್ಡೆ ತಡೆಗೋಡೆಯ ಮೇಲೆ ಎಂಟೂವರೆ ಕಿಲೋಮೀಟರು. 1953ರ ಪ್ರವಾಹದಲ್ಲಿ ಈ ದೇಶದ 1,836 ಜನ ಸತ್ತ ಮೇಲೆ ಕೈಗೊಂಡ ದೊಡ್ಡ ಯೋಜನೆಯ ಭಾಗ ಆ ಗೋಡೆ, ಮುಗಿದದ್ದು 1986ರಲ್ಲಿ. ಗಾಳಿ 7ರ ಬಲ ಮುಟ್ಟುತ್ತದೆ ಎಂದು ಖಾತ್ರಿಯಾದ ಮೇಲೆ, ಎರಡು ಮೂರು ದಿನ ಇರುವಾಗ ಡಂಗುರ ಹೊಡೆಯುತ್ತಾರೆ. ರೇಸ್ ಸೈಕಲ್ ತರುವ ಹಾಗಿಲ್ಲ. ಎಲ್ಲರಿಗೂ ಒಂದೇ ಬಗೆಯ, ಗೇರಿಲ್ಲದ, ನೆಟ್ಟಗೆ ಕೂರುವ ಪೇಟೆ ಸೈಕಲ್. ಬಿರುಗಾಳಿಯ ಮುನ್ಸೂಚನೆ ಬಂದರೆ ಮನೆಯೊಳಗೆ ಸೇರುವ ಬದಲು ಹೆಸರು ನೋಂದಾಯಿಸಲು ಓಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಎರಡನೆಯ ವರ್ಷ ಊರಿನ ಒಂದು ಸೈಕಲ್ ಸಂಘಕ್ಕೆ ಸೇರಿದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದರೆ ಒಂಬತ್ತಕ್ಕೇ ಹೊರಡುತ್ತಾರೆ, ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಹೋದರೆ ಖಾಲಿ ರಸ್ತೆ. ಎರಡೆರಡು ಜನರ ಸಾಲು, ಮುಂದಿನವನ ಚಕ್ರಕ್ಕೂ ನಿನ್ನ ಚಕ್ರಕ್ಕೂ ನಡುವೆ ಒಂದು ಮೊಳ. ಗಾಳಿಯ ಪೆಟ್ಟೆಲ್ಲ ಮುಂದಿನ ಇಬ್ಬರಿಗೆ, ಹಿಂದಿನವರು ಅವರ ಬೆನ್ನ ಮರೆಯಲ್ಲಿ ಮೂರರಲ್ಲಿ ಒಂದು ಪಾಲು ಶ್ರಮ ಉಳಿಸಿಕೊಂಡು ಹೋಗುತ್ತಾರೆ. ನಾನು ಹೊಸಬ, ಪರದೇಶಿ, ಭಾಷೆ ಬರದವನು. ಮರ್ಯಾದೆಯಾಗಿ ಕೊನೆಯಲ್ಲಿ ಇರೋಣ, ಮುಂದೆ ನುಗ್ಗುವುದು ಅಧಿಕಪ್ರಸಂಗವಾಗುತ್ತದೆ ಎಂದುಕೊಂಡು ಮೂರು ಭಾನುವಾರ ಹಿಂದೆಯೇ ಉಳಿದೆ. ನಮ್ಮ ಕಡೆಯ ದಾಕ್ಷಿಣ್ಯ ನಿನಗೆ ಗೊತ್ತಲ್ಲ, ಎಲೆಯ ಮುಂದೆ ಕುಳಿತೂ “ನನಗೆ ಬೇಡ, ಅವರಿಗೆ ಬಡಿಸಿ” ಎನ್ನುವ ಜಾತಿ.

ನಾಲ್ಕನೆಯ ಭಾನುವಾರ ಕಾಫಿಗೆ ನಿಂತಾಗ (ಇಲ್ಲಿ ಅರ್ಧ ದಾರಿಯಲ್ಲಿ ಕಾಫಿ ಮತ್ತು ಸೇಬಿನ ಕೇಕು ಕಡ್ಡಾಯ, ಅದಕ್ಕಾಗಿಯೇ ಸೈಕಲ್ ತುಳಿಯುತ್ತಾರೆಂದು ನನ್ನ ಗುಮಾನಿ) ಸಂಘದ ಹಿರಿಯರೊಬ್ಬರು ಎದುರಿಗೆ ಬಂದು ಕುಳಿತರು. ವಯಸ್ಸು 71, ಮೀನಖಂಡ ನೋಡಿದರೆ ಬೀಟೆ ಮರದಲ್ಲಿ ಕಡೆದ ಹಾಗಿದೆ. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಎಂದು ಕರೆಯುತ್ತೇನೆ. ಪೀಠಿಕೆಯೇ ಇಲ್ಲದೆ ಕೇಳಿದರು, “ನಿನಗೆ ಆಗುವುದಿಲ್ಲವೋ, ಮನಸ್ಸಿಲ್ಲವೋ?” ನನಗೆ ತಲೆ ಬುಡ ತಿಳಿಯಲಿಲ್ಲ. ಅವರೇ ವಿವರಿಸಿದರು. ಹಿಂದೆಯೇ ಅಂಟಿಕೊಂಡು ಸರದಿ ತಪ್ಪಿಸುವವನಿಗೆ ಇವರ ಭಾಷೆಯಲ್ಲಿ ‘ವೀಲ್ಚಿಸ್‌ಪ್ಲಾಕರ್’ ಎನ್ನುತ್ತಾರಂತೆ, ಚಕ್ರಕ್ಕೆ ಅಂಟಿದವನು ಎಂದು. ಗೆಳೆಯಾ, ನನ್ನ ಮುಖ ಹೇಗಾಗಿರಬೇಕು ಯೋಚಿಸು. ನಾನು ವಿನಯ ಎಂದುಕೊಂಡು ಮಾಡಿದ್ದನ್ನು ಅವರು ಪುಕ್ಕಟೆ ಸವಾರಿ ಎಂದು ಬರೆದಿಟ್ಟುಕೊಂಡಿದ್ದರು!

ಆ ದಿನ ವಾಪಸು ಬರುವಾಗ ಮುಂದೆ ಹೋದೆ. ಅಲ್ಲಿಯೂ ಎಡವಟ್ಟು ಮಾಡಿದೆ. ಮಾನ ಉಳಿಸಿಕೊಳ್ಳುವ ಹಟದಲ್ಲಿ 28ರಲ್ಲಿ ಹೋಗುತ್ತಿದ್ದ ಸಾಲನ್ನು 33ಕ್ಕೆ ಏರಿಸಿದೆ. ಹಿಂದೆ ಸಾಲು ಹರಿದು ಚೂರಾಯಿತು, ನಾಲ್ಕು ಕಡೆಯಿಂದ ಬೈಗುಳ ಬಂತು. ಮುಂದೆ ಹೋಗುವುದೆಂದರೆ ವೇಗ ಹೆಚ್ಚಿಸುವುದಲ್ಲ, ಹಿಂದಿನವರಿಗೆ ಗೊತ್ತೇ ಆಗದ ಹಾಗೆ ಅದೇ ವೇಗವನ್ನು ಗಾಳಿಯಲ್ಲಿ ಹಿಡಿದಿಡುವುದು. ಸಾಕಾದಾಗ ಪಕ್ಕಕ್ಕೆ ಸರಿದು, ಸಾಲು ಹೋಗಲು ಬಿಟ್ಟು, ಬಾಲಕ್ಕೆ ಸೇರುವುದು. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದೇ ಲೆಕ್ಕ. ದುಡ್ಡಿಲ್ಲ, ಕಾಗದವಿಲ್ಲ, ಆದರೆ ಯಾರು ಎಷ್ಟು ದಿನ ಬಂದರು ಎಂಬುದು ಊರಿಗೆಲ್ಲ ನೆನಪಿರುತ್ತದೆ. ಇದು ತಲೆಗೆ ಹೋದ ಮೇಲೆಯೇ ನನಗೆ ಇವರ ಜೊತೆ ಮಾತು ಹತ್ತಿದ್ದು. ಆರು ತಿಂಗಳ ಡಚ್ ತರಗತಿಯಲ್ಲಿ ಆಗದ್ದು ಕಾಲುವೆ ದಂಡೆಯ ಐದು ನಿಮಿಷದ ಸರದಿಯಲ್ಲಿ ಆಯಿತು.

ಅಡ್ಡಗಾಳಿ ಬಂದಾಗ ಸಾಲು ಓರೆಯಾಗಿ ಹರಡಿಕೊಳ್ಳುತ್ತದೆ, ಬೀಸಣಿಗೆಯ ಕಡ್ಡಿಗಳ ಹಾಗೆ. ಅದರ ಹೆಸರೂ ‘ವಾಯರ್’, ಡಚ್ಚಿನಲ್ಲಿ ಬೀಸಣಿಗೆ ಎಂದೇ ಅರ್ಥ. ಆ ಪದವನ್ನು ಮೊದಲ ಸಲ ಕೇಳಿದಾಗ ಇವರಿಗೂ ನಮ್ಮ ವಾಯುದೇವರ ಪರಿಚಯವಿದೆ ಎಂದುಕೊಂಡಿದ್ದೆ. ಇನ್ನೊಂದು ಪದವನ್ನು ಮೊಣಕೈಯ ಚರ್ಮ ಕೊಟ್ಟು ಕಲಿತೆ. ಕಾರುಗಳು ನುಗ್ಗದಿರಲೆಂದು ಸೈಕಲ್ ಹಾದಿಯ ನಟ್ಟನಡುವೆ ಗಿಡ್ಡನೆಯ ಕಂಬ ನೆಟ್ಟಿರುತ್ತಾರೆ. ಮುಂದಿನವನು “ಪಾಲ್ಚೆ!” ಎಂದು ಕೂಗಿದ, ನಾನು ಅದು ಯಾರದೋ ಹೆಸರೆಂದುಕೊಂಡೆ. ಕಂಬ ಅಲ್ಲಾಡಲಿಲ್ಲ. ಮುಂದಿನ ಚಕ್ರ ಎಂಟರ ಆಕಾರಕ್ಕೆ ಬಂತು, ಹೆಲ್ಮೆಟ್ ಇತ್ತು, ಈ ಪತ್ರ ಬರೆಯುತ್ತಿದ್ದೇನೆ.

ದಾರಿಗಳ ಬಗ್ಗೆ ಹೇಳದಿದ್ದರೆ ಹೇಗೆ. ಇಲ್ಲಿ ನಕ್ಷೆ ಬೇಡ, ಸಂಖ್ಯೆ ಸಾಕು. ಪ್ರತಿ ಕವಲಿಗೂ ಒಂದು ಅಂಕಿ, ಮುಂದಿನ ಅಂಕಿಗೆ ಬಾಣದ ಗುರುತು. ಒಂದು ಚೂರು ಅಂಟುಪಟ್ಟಿಯ ಮೇಲೆ ಅಂಕಿಗಳನ್ನು ಸಾಲಾಗಿ ಬರೆದು ಹ್ಯಾಂಡಲಿಗೆ ಹಚ್ಚಿದರೆ ನೂರು ಕಿಲೋಮೀಟರು ತಪ್ಪದೆ ಸುತ್ತಿ ಬರಬಹುದು. ಇದು ಹುಟ್ಟಿದ್ದು 1990ರ ದಶಕದಲ್ಲಿ, ಗಡಿಯಾಚೆಯ ಬೆಲ್ಜಿಯಂನ ಲಿಂಬರ್ಗಿನಲ್ಲಿ. ಅಲ್ಲಿಯ ಕಲ್ಲಿದ್ದಲು ಗಣಿಗಳು ಮುಚ್ಚಿದ ಕಾಲ, ಯೋಚನೆ ಗಣಿ ಎಂಜಿನಿಯರ್ ಹ್ಯೂಗೋ ಬೋಲನ್ ಅವರದು. ಅದೇ ಅಂಕಿಗಳನ್ನು ಹಿಡಿದು ಏಪ್ರಿಲ್‌ನಲ್ಲಿ ಹೊರಟರೆ ಶತಾವರಿಯ ಹೊಲಗಳು, ದಾರಿಬದಿಯಲ್ಲಿ ಮೊಟ್ಟೆ ಮತ್ತು ಆಲೂಗಡ್ಡೆ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟ ಮನೆಗಳು, ಹಂದಿ ಗೊಬ್ಬರದ ಘಾಟು. ಆಗಸ್ಟ್‌ನಲ್ಲಿ ಸ್ಟ್ರಾಬ್ರೆಕ್ಟ್ ಬಯಲೆಲ್ಲ ನೇರಳೆ ಹೂವು. ಪಕ್ಕದ ನ್ಯೂನನ್ ಹಳ್ಳಿಯಲ್ಲಿ ವ್ಯಾನ್ ಗೋ ಎರಡು ವರ್ಷ ಇದ್ದ, ಆಲೂಗಡ್ಡೆ ತಿನ್ನುವವರ ಆ ಕತ್ತಲೆಯ ಚಿತ್ರ ಬರೆದದ್ದು ಅಲ್ಲಿಯೇ, 1885ರಲ್ಲಿ.

ನಮ್ಮೂರಿನ ಹೆಮ್ಮೆ ಹೋವನ್‌ರಿಂಗ್. ಕಾರುಗಳ ದೊಡ್ಡ ಕೂಡುರಸ್ತೆಯ ಮೇಲೆ, ಒಂದೇ ಕಂಬದಿಂದ 24 ಕೇಬಲ್‌ಗಳಲ್ಲಿ ತೂಗಿಬಿಟ್ಟ ಉಂಗುರ, 72 ಮೀಟರ್ ಅಡ್ಡಗಲ, ಸೈಕಲ್ಲಿಗೆ ಮತ್ತು ನಡೆಯುವವರಿಗೆ ಮಾತ್ರ. 2011ರ ಕೊನೆಯಲ್ಲಿ ತೆರೆದ ಹೊಸತರಲ್ಲಿ ಗಾಳಿಗೆ ಕೇಬಲ್‌ಗಳು ನಡುಗತೊಡಗಿ, ಮುಚ್ಚಿ, ಸರಿಪಡಿಸಿ, 2012ರಲ್ಲಿ ಮತ್ತೆ ತೆರೆದರಂತೆ. ಕೇಳಿ ನನಗೆ ಸಮಾಧಾನವಾಯಿತು. ಉಕ್ಕಿಗೇ ಹಾಗಾದರೆ ನನ್ನ ತೊಡೆಯ ಪಾಡೇನು.

ನಿನ್ನ ಮನಸ್ಸಮಾಧಾನಕ್ಕೆ ಒಂದು ಏರಿನ ಸುದ್ದಿಯನ್ನೂ ಹೇಳುತ್ತೇನೆ. ವಾಲ್ಕನ್‌ಬರ್ಗಿನ ಕಾವ್‌ಬರ್ಗ್. ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ಐದು ಸಲ ನಡೆದಿದೆ, ಕೊನೆಯದು 2012ರಲ್ಲಿ. ಏರು ಒಂದು ಕಿಲೋಮೀಟರಿನ ಆಸುಪಾಸು, ಕಡಿದಾದಲ್ಲಿ ನೂರಕ್ಕೆ 12. ಮನೆಯಿಂದ 90 ಕಿಲೋಮೀಟರು ತುಳಿದು ಹೋಗಿ ಹತ್ತಿದೆ, ಇಳಿಯದೆ. ಆಗುಂಬೆಯ ಮುಂದೆ ಅದು ಹೊಸ್ತಿಲು. ಆದರೆ ಅಕ್ಕಪಕ್ಕದ ಹೋಟೆಲುಗಳಲ್ಲಿ ಬಿಯರ್ ಹಿಡಿದು ಕುಳಿತವರು ಚಪ್ಪಾಳೆ ಹೊಡೆಯುತ್ತಾರೆ, ಅದು ಆಗುಂಬೆಯಲ್ಲಿ ಇಲ್ಲ.

ತಿನ್ನುವುದು? ಇವರ ಜೇಬಿನಲ್ಲಿ ಜೆಲ್ಲು, ನನ್ನ ಜೇಬಿನಲ್ಲಿ ಎಳ್ಳುಂಡೆ. ಹೊಟ್ಟೆ ಖಾಲಿಯಾಗಿ ಕಾಲು ಇದ್ದಕ್ಕಿದ್ದಂತೆ ಸತ್ತುಹೋಗುವುದಕ್ಕೆ ಇಲ್ಲಿ ‘ಹೊಂಗರ್‌ಕ್ಲೊಪ್’ ಎನ್ನುತ್ತಾರೆ, ಹಸಿವಿನ ಗುದ್ದು. ಒಮ್ಮೆ ಅಜ್ಜನಿಗೇ ಆ ಗುದ್ದು ಬಿತ್ತು. ರಸ್ತೆ ಬದಿಯಲ್ಲಿ ಬಿಳಿಚಿಕೊಂಡು ನಿಂತಿದ್ದರು. ಎರಡು ಎಳ್ಳುಂಡೆ ಕೊಟ್ಟೆ. ಕಡಿದರು, ಹಲ್ಲಿಗೆ ಅಂಟಿದ ಬೆಲ್ಲವನ್ನು ನಾಲಗೆಯಲ್ಲಿ ತಡಕಿದರು, ಇನ್ನೊಂದಕ್ಕೆ ಕೈ ಚಾಚಿದರು. ಆಮೇಲಿನ 20 ಕಿಲೋಮೀಟರು ಮುಂದೆ ನಾನೊಬ್ಬನೇ, ಅವರು ನನ್ನ ಚಕ್ರಕ್ಕೆ ಅಂಟಿಕೊಂಡು. ಮನೆ ಮುಟ್ಟಿದ ಮೇಲೆ “ಇವತ್ತು ವೀಲ್ಚಿಸ್‌ಪ್ಲಾಕರ್ ಯಾರು?” ಎಂದೆ. ಅವರು ನಗಲಿಲ್ಲ, “ನಿನ್ನ ಬೆನ್ನು ಇನ್ನೂ ಸ್ವಲ್ಪ ಅಗಲವಿದ್ದರೆ ಒಳ್ಳೆಯದಿತ್ತು” ಎಂದರು.

ಚಳಿಗಾಲದ ಬಗ್ಗೆ ಬರೆಯುವುದಿಲ್ಲ. ಕತ್ತಲೆ, ಒದ್ದೆ, ಬೆರಳಿನ ತುದಿಯಲ್ಲಿ ಸೂಜಿ. ಮಗಳು ಶಾಲೆಯಲ್ಲಿ ಸೈಕಲ್ಲಿನ ಸಂಚಾರ ಪರೀಕ್ಷೆ ಪಾಸು ಮಾಡಿದ್ದಾಳೆ, ಈಗ ನಾನು ತಿರುಗುವಾಗ ಕೈ ತೋರಿಸದಿದ್ದರೆ ಹಿಂದಿನಿಂದ ಡಚ್ಚಿನಲ್ಲಿ ಗದರುತ್ತಾಳೆ.

ಮೇ ತಿಂಗಳ ರಜೆಗೆ ಬರುತ್ತೇನೆ ಎಂದಿದ್ದೀಯಲ್ಲ, ಮಾತು ತಪ್ಪಬೇಡ. ನನ್ನ ಹಳೆಯ ಸೈಕಲ್ಲಿಗೆ ಹೊಸ ಚೈನು ಹಾಕಿಸಿ ಇಟ್ಟಿದ್ದೇನೆ. ಹೈಸ್ಕೂಲಿನ ಮೂರು ವರ್ಷ ನೀನು ತುಳಿದೆ, ನಾನು ಕ್ಯಾರಿಯರ್ ಮೇಲೆ ಕುಳಿತು ನಿನ್ನ ಬೆನ್ನಿನ ಮರೆಯಲ್ಲಿ ಮಳೆಗಾಲ ಕಳೆದೆ. ಆ ಮುಯ್ಯಿ ಬಾಕಿ ಇದೆ, ಮೊದಲ ದಿನವಿಡೀ ನೀನು ನನ್ನ ಹಿಂದೆಯೇ ಇರು. ಬರುವಾಗ ಕರಿ ಎಳ್ಳು ಒಂದು ಕಿಲೋ, ಬೆಲ್ಲ ಎರಡು ಅಚ್ಚು ತಾ.

ಒಂದು ಕೆಲಸ ಮಾತ್ರ ಈಗಲೇ ಮಾಡು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಗಳ ಸಂದಿಗೆ ಒತ್ತಿ ಹಿಡಿದು, ಅಲ್ಲಿಂದ ನೆಲದವರೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಕಳಿಸು. ಅದನ್ನು 0.883ರಿಂದ ಗುಣಿಸಿ ಸೀಟಿನ ಎತ್ತರ ಹೊಂದಿಸುತ್ತೇನೆ. ನಿನ್ನ ಹೆಂಡತಿ ನೋಡಿ ನಕ್ಕರೆ ನಾನು ಹೇಳಿದೆ ಎನ್ನು.

ಇಂತಿ ನಿನ್ನ,
ಕ್ಯಾರಿಯರ್ ಮೇಲಿನವನು