ಅವತ್ತು ಅವನು ಕುಡಿದಿರಲಿಲ್ಲ

ಮಾನ್ಯ ಸಂಪಾದಕರೆ,

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವನು, ಆಗಿದ್ದೇನೆ. ಕಳೆದ ಹಣ್ಣು ಕುಯ್ಲಿನ ಹೊತ್ತಿಗೆ ನಮ್ಮ ಲೈನಿನ (ಕೂಲಿಯವರ ಸಾಲುಮನೆಗಳ) ಆಳೊಬ್ಬ ಅಯ್ಯಪ್ಪ ಮಾಲೆ ಹಾಕಿದ. ಬೆಳಿಗ್ಗೆ ಎದ್ದೊಡನೆ ಕ್ವಾರ್ಟರ್ ಬೀಳದಿದ್ದರೆ ಕೈ ನಡುಗುತ್ತಿದ್ದವನು ಅಂದಿನಿಂದ ಒಂದು ತೊಟ್ಟೂ ಮುಟ್ಟಲಿಲ್ಲ. ಎಲ್ಲರೂ ಮೆಚ್ಚಿದೆವು. ಮೂರನೆಯ ರಾತ್ರಿ ನೋಡಿದರೆ, ಮೈಯೆಲ್ಲ ಬೆವೆತು, ಕಂಬಳಿಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಬಿಸಾಡುತ್ತಿದ್ದ. ನನ್ನ ಗುರುತೇ ಸಿಗಲಿಲ್ಲ. 'ಸ್ವಾಮಿ ಮೈಮೇಲೆ ಬಂದಿದೆ' ಎಂದರು. ಬೆಳಿಗ್ಗೆ ನೋಡೋಣ ಎಂದು ನಾನೂ ಮನೆಗೆ ಹೋದೆ. ನಸುಕಿನಲ್ಲಿ, ಯಾರೋ ಕೊಲ್ಲಲು ಬಂದರೆಂದು ಹೆಂಡತಿಯ ಮೇಲೆಯೇ ಕತ್ತಿ ಬೀಸಿದ. ಆಕೆಯ ಬಲಗೈಯ ಎರಡು ಬೆರಳು ಈಗ ಮಡಚಲು ಬರುವುದಿಲ್ಲ.

'ಕುಡುಕನೇನ್ರೀ?' ಎಂದು ಪೊಲೀಸರು ಕೇಳಿದರು. 'ಹೌದು ಸಾರ್, ಮೊದಲಿಂದಲೂ' ಎಂದುಬಿಟ್ಟೆ. ಮೂರು ದಿನದಿಂದ ಮುಟ್ಟಿಲ್ಲ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ, ಅವರೂ ಕೇಳಲಿಲ್ಲ. ಮನೋವೈದ್ಯರಿಗೆ ತೋರಿಸಲೂ ಇಲ್ಲ. ವಿಪರೀತ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಇಂಥ ಸನ್ನಿ ಬರಬಹುದು, ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಜೀವವೂ ಹೋಗಬಹುದು ಎಂದು ನನಗೆ ತಿಳಿದದ್ದೇ ಆಮೇಲೆ, ವೈದ್ಯರೊಬ್ಬರಿಂದ.

ತಾನಾಗಿ ಕುಡಿದು ಕತ್ತಿ ಎತ್ತಿದವನನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂ ಕಾಯುವುದು ತಿಳಿಯದೆಯೋ ಬಲವಂತಕ್ಕೋ ಅಮಲೇರಿದವನನ್ನು ಮಾತ್ರ, ಅದು ಸರಿಯೇ. ಆದರೆ ಆ ರಾತ್ರಿ ಇವನಿಗೆ ಅಮಲೇ ಇರಲಿಲ್ಲ. ಚಿತ್ತಸ್ವಾಸ್ಥ್ಯ ತಪ್ಪಿ, ಮಾಡುತ್ತಿರುವುದು ಏನೆಂದೇ ಅರಿಯಲಾರದವನ ಕೃತ್ಯ ಅಪರಾಧವಲ್ಲ ಎನ್ನುತ್ತದೆ 22ನೇ ಕಲಂ, ಹಳೆಯ ಐಪಿಸಿಯ 84. ಅದನ್ನು ತೋರಿಸಿಕೊಡುವ ಹೊರೆ ಆರೋಪಿಯದು. ಕೃತ್ಯದ ಹಿಂದಿನ, ಆ ವೇಳೆಯ, ಆನಂತರದ ಸಂದರ್ಭಗಳಿಂದ ಇದನ್ನು ಅಳೆಯಬೇಕೆಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಆ ದಿನವೇ ಯಾರೂ ಬರೆದಿಡದಿದ್ದರೆ ಕೂಲಿಯವನು ಎಲ್ಲಿಂದ ಸಾಕ್ಷಿ ತರಬೇಕು?

ಇಂಥ ಪ್ರಕರಣದಲ್ಲಿ ಬಂಧಿಸಿದ ದಿನವೇ ಮನೋವೈದ್ಯರಿಂದ ತಪಾಸಣೆ ಕಡ್ಡಾಯವಾಗಲಿ, ಕಡೆಯ ಬಾರಿ ಕುಡಿದದ್ದು ಯಾವಾಗ ಎಂಬುದು ದಾಖಲಾಗಲಿ. ಮಾಲೆ ಹಾಕಿಸುವ ಗುರುಸ್ವಾಮಿಗಳಲ್ಲೂ ಒಂದು ಕೋರಿಕೆ: ದಿನವೂ ಕುಡಿಯುವವನಾದರೆ ಮೊದಲು ಆಸ್ಪತ್ರೆಗೆ ಕಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿಸಿ.

ಕೇಸು ಇನ್ನೂ ನಡೆಯುತ್ತಿದೆ. ಮೊನ್ನೆ ಬಟವಾಡೆಯ ದಿನ ಅವನ ಹೆಂಡತಿ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿ, 'ರೈಟ್ರೇ, ಅವತ್ತು ಅವರು ಕುಡಿದಿರಲಿಲ್ಲ ಅಂತ ಕೋರ್ಟಲ್ಲಿ ಹೇಳ್ತೀರಾ?' ಎಂದಳು. ಹೇಳುತ್ತೇನೆ ಎಂದಿದ್ದೇನೆ.

– ತೋಟದ ರೈಟರ್, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ