ಮಗು ಸುಮ್ಮನಾದರೆ

ಚಿ. ಶೈಲಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಹಾನ್ಸ್‌ನ ಮಕ್ಕಳ ಮಾನಸಿಕ ಆರೋಗ್ಯದ ‘ಸಂವಾದ್’ ತಂಡದವರಿಂದ ನಿಮ್ಮ ಮಕ್ಕಳ ರಕ್ಷಣಾ ಘಟಕಕ್ಕೆ ತರಬೇತಿ ಸಿಕ್ಕಿದ್ದನ್ನು ಓದಿ ಸಂತೋಷವಾಯಿತು. ಆದರೆ ಕಾಗದದ ಕೊನೆಯಲ್ಲಿ ನೀನು ಬರೆದ ಒಂದು ಸಾಲು, “ನಾನು ತಪ್ಪಾಗಿ ಕೇಳಿದ್ದರಿಂದಲೇ ಮಗು ಬಾಯಿ ಮುಚ್ಚಿಕೊಂಡರೆ?” ಎಂಬುದು, ಎರಡು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

2003ರಲ್ಲಿ ನಾನು ಕೊಪ್ಪಳದ ಕಡೆ ಪಾಠ ಮಾಡುತ್ತಿದ್ದಾಗ, ಮನೆಯವರಿಗೆ ಮುಂಗಡ ಕೊಟ್ಟು ಹುಡುಗಿಯರನ್ನು ಹೈಬ್ರಿಡ್ ಹತ್ತಿಬೀಜ ತಯಾರಿಸುವ ಹೊಲಗಳಿಗೆ ಕರೆದೊಯ್ಯುವುದು ಊರಿಗೆಲ್ಲ ಗೊತ್ತಿದ್ದ ಸಂಗತಿಯಾಗಿತ್ತು. ಸಂಜೆ ಹೆಬ್ಬೆರಳಿನ ಉಗುರಿನಿಂದ ಮೊಗ್ಗು ಸುಲಿದಿಟ್ಟು, ಮರುದಿನ ಬೆಳಿಗ್ಗೆ ಒಂದೊಂದಕ್ಕೂ ಗಂಡು ಹೂವಿನ ಪರಾಗ ಸವರುವ ಕೆಲಸ ಅದು. ಅದಕ್ಕೆ ಎಳೆಯ ಬೆರಳುಗಳೇ ಆಗಬೇಕೆನ್ನುತ್ತಿದ್ದರು. ಐದನೆಯ ತರಗತಿಯ ಒಬ್ಬ ಹುಡುಗಿ ಎರಡು ತಿಂಗಳ ಮೇಲೆ ಮರಳಿ ಬಂದಾಗ ಅವಳ ಉಗುರು ಸವೆದು ಕಪ್ಪಾಗಿತ್ತು. ಪೆನ್ಸಿಲನ್ನು ಬೆರಳುಗಳಲ್ಲಿ ಹಿಡಿಯಲಾಗದೆ ಮುಷ್ಟಿಯಲ್ಲಿಟ್ಟುಕೊಂಡು ಬರೆಯುತ್ತಿದ್ದಳು. ಯಾರಾದರೂ ಹಿಂದಿನಿಂದ ಬಂದರೆ ಬೆಚ್ಚುತ್ತಿದ್ದಳು.

ನನಗೆ ಕಾಣಲಿಲ್ಲವೆಂದು ಹೇಳಲಾರೆ, ಕಂಡಿತ್ತು. ಆದರೆ ನಾನು ಕೇಳಿದ್ದು, ಅವಳನ್ನು ಮತ್ತೆ ಕರೆದೊಯ್ಯಲು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದಾಗ. “ಅಲ್ಲಿ ಯಾರರೆ ಹೊಡೀತಾರೇನು?” ಎಂದೆ. ಅವಳು ನನ್ನ ಮುಖ ನೋಡಲಿಲ್ಲ, ಅವನ ಮುಖ ನೋಡಿ “ಇಲ್ರೀ ಅಕ್ಕೋರೆ” ಎಂದಳು. ಆ ಮಾತನ್ನು ನಂಬಿಬಿಟ್ಟರೆ ನನ್ನ ಹೊಣೆ ಇಳಿಯುತ್ತದೆಂದು ನಾನು ನಂಬಿಬಿಟ್ಟೆ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಹಾಗಾಗಿ ನಿನ್ನ ಭಯ ಸುಳ್ಳೆಂದು ನಾನು ಸಮಾಧಾನ ಹೇಳಲಾರೆ, ಶೈಲಾ. ಆದರೆ ಆ ದಿನ ಅವಳ ಬಾಯಿ ಮುಚ್ಚಿಸಿದ್ದು ನನ್ನ ಪ್ರಶ್ನೆಗಿಂತ ಹೆಚ್ಚಾಗಿ ಬಾಗಿಲಲ್ಲಿದ್ದ ಮನುಷ್ಯ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಒಪ್ಪಿದ ಜಾಗದಲ್ಲೋ, ಪೊಲೀಸರು ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕೆಂದು ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಇರುವುದನ್ನು ಮೊದಲ ಸಲ ಓದಿದಾಗ, ನನಗೆ ಆ ಬಾಗಿಲೇ ಕಣ್ಣಮುಂದೆ ಬಂತು.

ತರಬೇತಿ ಪಡೆದ ನಿನಗೆ ನಾನು ಹೇಳುವುದೇನಿದೆ? ಆದರೂ ಮನಸ್ಸು ತಡೆಯದು. ಮಗುವನ್ನು ಕರೆತಂದವರು ಹೆತ್ತವರೇ ಆಗಿರಲಿ, ಮೊದಲು ಅವರನ್ನು ಹೊರಗೆ ಕೂರಿಸು. ನನ್ನ ಹಾಗೆ ‘ಹೊಡೆದರಾ’ ಎಂದು ಉತ್ತರವನ್ನು ಬಾಯಿಗಿಟ್ಟು ಕೇಳಬೇಡ. ಬೆಳಿಗ್ಗೆ ಎದ್ದಲ್ಲಿಂದ ಏನೇನು ಮಾಡುತ್ತಿದ್ದೆ, ಎಲ್ಲಿ ಮಲಗುತ್ತಿದ್ದೆ ಎಂದು ಕೇಳಿದರೆ ಅದು ತನ್ನ ದಾರಿಯಲ್ಲೇ ಹೇಳೀತು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡ. 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕಾದವಳು ನೀನೇ. ಕೊಟ್ಟ ಮಾತು ಮುರಿದರೆ ಆಮೇಲೆ ಅದು ಯಾರನ್ನು ನಂಬೀತು?

ಇಷ್ಟಾದರೂ ಕೆಲವು ಮಕ್ಕಳು ಸುಮ್ಮನೇ ಇದ್ದಾವು. ಆಗ ‘ಏನೂ ಇಲ್ಲವಂತೆ’ ಎಂದು ಕಡತ ಮುಚ್ಚಬೇಡ, ‘ಇಂದು ಮಾತಾಡಲಿಲ್ಲ’ ಎಂದು ಬರೆದು ಮರುದಿನ ಮತ್ತೆ ಹೋಗಿ ಹತ್ತಿರ ಕೂತುಕೋ. ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ದೀರ್ಘ ಗೈರು’ ಎಂದು ಬರೆದು, ಆಮೇಲೆ ಕೆಂಪು ಶಾಯಿಯಲ್ಲಿ ಆ ಹೆಸರನ್ನೇ ಹೊಡೆದುಹಾಕಿದೆ. ಅವಳ ಮನೆಗೆ ಒಮ್ಮೆಯೂ ಹೋಗಲಿಲ್ಲ.

ಮುಂದಿನ ಕಾಗದದಲ್ಲಿ ಯಾವ ಮಗುವಿನ ಹೆಸರೂ ವಿವರವೂ ಬೇಡ; ನೀನು ಹೇಗಿದ್ದೀಯೆಂದು ಮಾತ್ರ ತಪ್ಪದೆ ಬರೆ.

ನಿನ್ನ ದೊಡ್ಡಮ್ಮ