ತಲೆ ಎಣಿಸುವಾಗ ನಮ್ಮನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಕೃಷಿಯಲ್ಲಿ ತಲಾ ಉತ್ಪಾದನೆ ಕಡಿಮೆ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಬೆಳೆದದ್ದರ ಬೆಲೆಯನ್ನು ದುಡಿಯುವವರ ತಲೆ ಲೆಕ್ಕದಿಂದ ಭಾಗಿಸಿದರೆ ಬರುವ ಅಂಕಿ ಅದು. ಆ ತಲೆ ಎಣಿಸುವುದು ಹೇಗೆ ಅನ್ನೋದನ್ನು ನಮ್ಮ ಜಗಲಿಯಲ್ಲೇ ನೋಡಿದೆ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ಕೊಯ್ಲಿನ ಹೊತ್ತಿಗೆ ಸಮೀಕ್ಷೆಯವರೊಬ್ಬರು ಬಂದರು. "ನಿಮ್ಮ ಮನೆಯವರು ಏನು ಮಾಡ್ತಾರೆ?" ಎಂದು ಯಜಮಾನರನ್ನು ಕೇಳಿದರು. "ಏನಿಲ್ಲ, ಮನೇಲೇ ಇರ್ತಾರೆ" ಅಂದರು ಇವರು. ಅವರು ಹಾಗೇ ಬರೆದುಕೊಂಡರು. ನಾನು ಅಲ್ಲೇ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಹಿಂದಿನ ರಾತ್ರಿ ಹನ್ನೊಂದರವರೆಗೂ ಸುಲಿದು ಬೆರಳೆಲ್ಲ ಕಪ್ಪಾಗಿತ್ತು. ಪಕ್ಕದಲ್ಲಿ ಕೂತವಳಿಗೆ ಅದೇ ಕೆಲಸಕ್ಕೆ ಕೂಲಿ ಇದೆ, ಹಾಗಾಗಿ ಅವಳು ಕೆಲಸಗಾರ್ತಿ. ಆಚೆ ಮನೆಯಿಂದ ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಆಳಿಗೆ ಆಳು ಎಂಬ ಲೆಕ್ಕದಲ್ಲಿ, ಬಂದಿದ್ದ ಇಬ್ಬರನ್ನು ಅವರ ಮನೆಯಲ್ಲಿ ಏನೆಂದು ಬರೆದುಕೊಂಡರೋ ಗೊತ್ತಿಲ್ಲ.

ಮನೆಯ ತೋಟದಲ್ಲಿ ಕೂಲಿಯಿಲ್ಲದೆ ದುಡಿದವರೂ ಕೆಲಸಗಾರರೇ ಎನ್ನುತ್ತದೆ ಸಮೀಕ್ಷೆಯ ನಿಯಮ. ಕೇಳುವ ರೀತಿಯಲ್ಲಿ ಅದು ತಪ್ಪಿಹೋಗುತ್ತದೆ. ಕೆಲವು ಕಡೆ ನಿಯಮವೇ ನಮ್ಮನ್ನು ಬಿಡುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಕಾರ್ಮಿಕ ಸಮೀಕ್ಷೆಯಲ್ಲಿ 93 ಎಂಬ ಸಂಕೇತ ಇದೆ ಎಂದು ಮಗಳು ಓದಿ ಹೇಳಿದಳು. ಮನೆಗೆಲಸದ ಜೊತೆ ಸೌದೆ, ಮೇವು ತರುವವರನ್ನು ಅಲ್ಲಿಗೆ ಹಾಕುತ್ತಾರೆ. ಅವರು ದುಡಿಯುವವರ ಪಟ್ಟಿಗೆ ಸೇರುವುದಿಲ್ಲ. ನಾವು ಬೆಟ್ಟದಿಂದ ಹೊತ್ತು ತಂದ ಸೊಪ್ಪು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ. ಆ ಅಡಿಕೆಯ ಬೆಲೆ ಮಾತ್ರ ದೇಶದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಭಾಗಿಸಿದರೆ ಇವರೊಬ್ಬರೇ ಇಡೀ ತೋಟ ದುಡಿದ ಹಾಗೆ ಆಗುತ್ತದೆ, ಅಲ್ವಾ?

ನಮ್ಮನ್ನೂ ಸೇರಿಸಿದರೆ ತಲಾ ಅಂಕಿ ಇನ್ನೂ ಇಳಿಯುತ್ತದೆ. ಇಳಿಯಲಿ. ಸುಲಿಯುವ ಯಂತ್ರದ ಸಹಾಯಧನ ಯಾರ ಕೈಗೆ ಬೇಕು ಎಂದು ಆಗಲಾದರೂ ಗೊತ್ತಾಗುತ್ತದೆ.

ಅಡುಗೆ, ಮಕ್ಕಳು, ಅತ್ತೆಯವರ ಔಷಧಿ ಇವೆಲ್ಲ ಆ ಉತ್ಪನ್ನದ ಲೆಕ್ಕದಲ್ಲೇ ಇಲ್ಲ. 2019ರ ಸಮಯ ಬಳಕೆ ಸಮೀಕ್ಷೆ ಅದನ್ನು ನಿಮಿಷದಲ್ಲಿ ಅಳೆಯಿತು. ಸಂಬಳವಿಲ್ಲದೆ ತಮ್ಮ ಮನೆಯ ಕೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಅಲ್ಲಿ ಹಿಂದಿನ ದಿನ ಬೆಳಗಿನ ಜಾವ ನಾಲ್ಕರಿಂದ ಅರ್ಧರ್ಧ ಗಂಟೆಯಂತೆ ಕೇಳುತ್ತಾರಂತೆ.

ದುಡಿಮೆ ಲೆಕ್ಕಕ್ಕೆ ಬರುವವರೂ ಸ್ವಲ್ಪ ಹಾಗೇ ಕೇಳಲಿ. ಒಳಗಿರುವ ಹೆಂಗಸನ್ನೇ ಕರೆದು, "ಈ ವಾರ ಏನೇನು ಮಾಡಿದ್ರಿ?" ಅನ್ನಲಿ. ಮಳೆಗಾಲದಲ್ಲೊಮ್ಮೆ, ಕೊಯ್ಲಿನಲ್ಲೊಮ್ಮೆ ಬರಲಿ. ನಾನು ಸುಲಿಯುತ್ತಲೇ ಉತ್ತರ ಕೊಡುತ್ತೇನೆ.

– ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ ತಾಲ್ಲೂಕು